ಫೆಬ್ರವರಿಯ ನಾಲ್ಕು ದಿನ

ನಮ್ಮನೆ ಮೂರನೇ ಮಹಡೀಲಿತ್ತು. ಮೆಟ್ಲು ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ನಾಲ್ಕು ಸಾವಿರ ಅಂತಿದ್ದೆ. ಮಂಡಿ ಇರೋ ಯಾವ ಹೆಂಗಸೂ ಅದನ್ನ ಸುಳ್ಳು ಅಂದಿದ್ದಿಲ್ಲ. ನನ್ನ ಗಂಡ ಅರ್ಮಿಂಡು ಬಾಡಿಗೆಗೆ ಹಿಡಿದಾಗ "ಅಡಿಗೆಮನೆ ಕಿಟಕೀಲಿ ನದಿ ಕಾಣುತ್ತೆ ಕಣೇ, ನಾವು ಬಿಟ್ಟು ಬಂದ ನಮ್ಮ ದ್ವೀಪದಲ್ಲಿ ಇದ್ದಂಗೇ" ಅಂದಿದ್ದ. ಕಾಣ್ತಿತ್ತು. ಆಮೇಲೆ ಮುಂದೆ ಟೈರಿನ ಗೋಡೌನ್ ಕಟ್ಟಿದ್ರು, ನದಿ ಹೋಯ್ತು. ಅದಾದ ವರ್ಷಕ್ಕೆ ಅರ್ಮಿಂಡೂ ಹೋದ. ನಾನು ವಿಧವೆಯ ಕಪ್ಪು ಲಂಗ ಹಾಕ್ಕೊಂಡು ಉಳಕೊಂಡೆ. ಇಪ್ಪತ್ತೆರಡು ವರ್ಷ ಆಯ್ತು. ಕಾಗೇನೂ ನನ್ನ ನೋಡಿ ನೆಂಟಳು ಅಂದ್ಕೊಳ್ಳುತ್ತೆ.

ಮೂವತ್ತೆಂಟು ವರ್ಷ ನೂಲಿನ ಮಿಲ್ಲಲ್ಲಿ ದುಡಿದು ನನ್ನ ಕೈಬೆರಳು ಶುಂಠಿ ಥರ ಆಗಿವೆ. ಗುಂಡಿ ಹಾಕ್ಕೊಳ್ಳೋಕಾಗಲ್ಲ, ಚಮಚ ಹಿಡಿಯೋಕಾಗಲ್ಲ. ಸ್ನಾನದ ತೊಟ್ಟಿಗೆ ಕಾಲಿಟ್ರೆ ಆಚೆ ಬರೋಕೆ ಕ್ರೇನ್ ಬೇಕು. ನಂಗೆ ಝುಲ್ಮೀರಾ ಇದ್ಲು. ನನ್ನಂಥ ಮುದುಕೀರನ್ನ ಮನೇಲೇ ನೋಡ್ಕೊಳ್ಳೋರಿಗೆ ಸಂಬಳ ಸರ್ಕಾರ ಕೊಡುತ್ತೆ. ಬೆಳಿಗ್ಗೆ ಎಂಟಕ್ಕೆ ಬರೋಳು, ಮಧ್ಯಾಹ್ನ ಒಂದಕ್ಕೆ ಹೋಗೋಳು, ಹನ್ನೊಂದು ವರ್ಷ. ಸಂಜೆ ನಾಲ್ಕರಿಂದ ಏಳು ಪಕ್ಕದ ಬೀದಿ ಮುದುಕ ಫುರ್ಟಾಡು ಮನೇಲಿ ಕೆಲಸ. ವಯಸ್ಸು ಐವತ್ನಾಲ್ಕು, ಆದ್ರೂ ನಾನು ಹುಡುಗಿ ಅಂತಿದ್ದೆ. ಎತ್ತರದ ಹೆಂಗಸು, ಮಾತು ಕಮ್ಮಿ. ಇಬ್ಬರ ಪಾಲಿನ ಮಾತೂ ನಾನೇ ಆಡ್ತಿದ್ದೆ.

"ಝುಲ್ಮೀರಾ, ನಿನ್ ಬಾಯಲ್ಲಿ ನಾಲಿಗೆ ಇದ್ಯಾ ಇಲ್ಲ ಅದನ್ನೂ ಬಾಡಿಗೆಗೆ ಕೊಟ್ಟಿದೀಯಾ?"

"ಕತ್ತು ಬಗ್ಗಿಸಿ ಡೋನಾ, ಸೋಪು ಕಣ್ಣಿಗೆ ಹೋಗುತ್ತೆ."

ಡೋನಾ ಅಂದ್ರೆ ನಮ್ಮಲ್ಲಿ ಅಮ್ಮಾವ್ರೇ ಅಂದಂಗೆ. ಹಿಂಗೆ ನಡೀತಿತ್ತು ನಮ್ಮ ಸಂಸಾರ. ಅವಳು ಬಿಟ್ಟುಹೋದ್ರೆ ನನ್ನನ್ನ ಬೆಟ್ಟದ ಮೇಲಿನ ಮುದುಕರ ಹೋಮಿಗೆ ಹಾಕ್ತಾರೆ ಅಂತ ಗೊತ್ತಿತ್ತು. ಕೆಳಗಿನ ಮನೆ ಒಲಿಂಪಿಯಾನ ಹಾಕಿದ್ರು. ಅಲ್ಲಿಗೆ ಹೋದ ಒಂದೇ ತಿಂಗಳಿಗೆ ಮಗ ಬಂದ್ರೆ "ನೀವ್ಯಾರಪ್ಪ?" ಅಂದ್ಲಂತೆ.

ಈಗ ಹಾಳೆ ವಿಷ್ಯ ಹೇಳ್ಬೇಕು. ಎರಡು ವಾರಕ್ಕೊಂದು ಹಾಳೆ. ಯಾವ ದಿನ ಎಷ್ಟು ಗಂಟೆ ಕೆಲಸ ಆಯ್ತು ಅಂತ ಝುಲ್ಮೀರಾ ಬರೀಬೇಕು, ಹೌದು ಅಂತ ನಾನು ಸಹಿ ಹಾಕ್ಬೇಕು. ನನ್ನ ಬೆರಳಿಗೆ ಪೆನ್ನು ಅಂದ್ರೆ ಹಾವು ಹಿಡಿದಂಗೆ. ಅದಕ್ಕೆ ಬೆರಳು ಸ್ವಲ್ಪ ಮಾತು ಕೇಳೋ ದಿನ ಕೂತು ಖಾಲಿ ಹಾಳೆ ಹತ್ತಕ್ಕೆ ಒಟ್ಟಿಗೆ ಸಹಿ ಹಾಕಿ ಬ್ರೆಡ್ಡಿನ ಡಬ್ಬಿ ಕೆಳಗಿಡ್ತಿದ್ದೆ. ಅವಳು ಬೇಕಾದಾಗ ಒಂದು ಎಳ್ಕೊಂಡು ತುಂಬೋಳು. ಇದು ನಮ್ಮ ಬೀದೀಲಿ ಎಲ್ರೂ ಮಾಡೋದು. ಫುರ್ಟಾಡೂ ಹಂಗೇ, ನೆನಪು ಸರಿ ಇದ್ದ ದಿನ ಹಾಕಿಡೋನು. ನಮ್ಮಲ್ಲಿ ಕೈಯೋ ತಲೆಯೋ ಒಂದಲ್ಲ ಒಂದು ಕೆಟ್ಟಿರುತ್ತಲ್ಲ, ಒಳ್ಳೇ ದಿನ ಬಂದಾಗ ಕೆಲಸ ಮುಗಿಸ್ಕೋಬೇಕು. ಮೋಸ ಅಂತ ಯಾರಿಗೂ ಹೊಳೀಲಿಲ್ಲ.

ಹೊಳೆದಿದ್ದು ಸರ್ಕಾರಕ್ಕೆ. ಎಲ್ಲೋ ಯಾರೋ ಸತ್ತು ಎರಡು ವರ್ಷ ಆದ ಅಜ್ಜನಿಗೆ ದಿನಾ ಸ್ನಾನ ಮಾಡಿಸಿದೀನಿ ಅಂತ ಬರ್ದು ದುಡ್ಡು ತಿಂದ್ರಂತೆ. ಅದಕ್ಕೆ ಹೊಸ ಕಾನೂನು. ಕೆಲಸದೋರು ಫೋನಲ್ಲಿ ಬಂದಾಗ ಒಂದ್ಸಲ ಒತ್ಬೇಕು, ಹೋಗುವಾಗ ಒಂದ್ಸಲ ಒತ್ಬೇಕು, ನಿಂತಿರೋ ಜಾಗ ಮನೇನೋ ಅಲ್ವೋ ಅಂತ ಫೋನೇ ನೋಡುತ್ತೆ. ಜುಲೈ ಒಂದರಿಂದ ಹಾಳೆ ಬಂದ್. ಅಲ್ಲಿವರೆಗೆ ಅಭ್ಯಾಸ ಮಾಡ್ಕೊಳ್ಳಿ ಅಂತ ಜನವರೀಲೇ ಎಲ್ರ ಫೋನಿಗೂ ಅದನ್ನ ಹಾಕ್ಕೊಟ್ರು.

ನಮ್ಮ ಮೂರನೇ ಮಹಡೀಲಿ ಸಿಗ್ನಲ್ ಸಿಗಲ್ಲ. ಝುಲ್ಮೀರಾ ಮೇಲೆ ಬಂದು, ಫೋನು ಒತ್ತಿ, ಅದು ಸುತ್ತಿ ಸುತ್ತಿ ಆಗಲ್ಲ ಅಂದ್ಮೇಲೆ ಮತ್ತೆ ಕೆಳಗಿಳಿದು ಲಾಂಡ್ರಿ ಅಂಗಡಿ ಮುಂದೆ ನಿಂತು ಒತ್ತೋಳು. ಅಲ್ಲಿ ಒತ್ತಿದ್ರೆ "ನೀವು ಮನೇಲಿಲ್ಲ" ಅಂತ ಕೆಂಪಗಾಗೋದು. ಒಂದಿನ ನನ್ನ ತಲೆಗೆ ಶಾಂಪೂ ಹಾಕಿಟ್ಟು ಹೋಗಿದ್ದಾಳೆ, ವಾಪಸ್ ಬರೋ ಹೊತ್ತಿಗೆ ನೊರೆ ಒಣಗಿ ನನ್ನ ತಲೆ ಮೇಲೆ ಚರ್ಚಿನ ಗೋಪುರ ನಿಂತಿತ್ತು.

ಅವತ್ತು ಅವಳು ಒದ್ದೆ ಟವೆಲಲ್ಲಿ ಆ ನೊರೆ ಒರೆಸಿದ್ಲು. ಆಮೇಲೆ ಅಂದ್ಲು: "ಡೋನಾ, ಕತ್ತಿಗೆ ಗಂಟೆ ಕಟ್ಟಿದ ಮೇಕೆ ಥರ ನಾನು ತಿರುಗಲ್ಲ. ಜುಲೈ ಬಂದ್ರೆ ಬಿಡ್ತೀನಿ. ಮೀನಿನ ಫ್ಯಾಕ್ಟರೀಲಿ ನನ್ನ ನಾದಿನಿ ಇದ್ದಾಳೆ."

ಹನ್ನೊಂದು ವರ್ಷದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದೇ ಇರ್ಬೇಕು.

ಫೆಬ್ರವರೀಲಿ ನಂಗೆ ನ್ಯುಮೋನಿಯಾ ಆಯ್ತು. ನಾಲ್ಕು ದಿನ ಆಸ್ಪತ್ರೆ. ಐವತ್ತು ವರ್ಷದಿಂದ ಮಿಲ್ಲಲ್ಲಿ, ಅಂಗಡೀಲಿ ಕಲ್ತ ನನ್ನ ಮುರುಕು ಇಂಗ್ಲಿಷು ಜ್ವರ ಬಂದ ತಕ್ಷಣ ಹಡಗು ಹತ್ತಿ ಓಡಿಹೋಯ್ತು. ಬಾಯಿಗೆ ಬರ್ತಿದ್ದಿದ್ದು ನಮ್ಮ ದ್ವೀಪದ ಮಾತೊಂದೇ. ನರ್ಸುಗಳು ನನ್ನ ಬಾಯಿ ನೋಡೋರು, ನಾನು ಅವರ ಬಾಯಿ ನೋಡ್ತಿದ್ದೆ. ಝುಲ್ಮೀರಾ ಎಂಟಕ್ಕೆ ನಮ್ಮನೆಗೆ ಬರೋ ಬದ್ಲು ಎಂಟಕ್ಕೆ ಆಸ್ಪತ್ರೆಗೆ ಬಂದ್ಲು. ನಂಗೆ ಎಲ್ಲಿ ನೋವು ಅಂತ ಅವರಿಗೆ ಹೇಳಿದ್ಲು, ಬಟ್ಟೆ ಬದಲಾಯಿಸಿದ್ಲು, ಫ್ಲಾಸ್ಕಲ್ಲಿ ಸೊಪ್ಪಿನ ಸಾರು ತಂದು ಕುಡಿಸಿದ್ಲು, ಕೂದಲು ಬಾಚಿದ್ಲು. ಫೋನು ಕೆಂಪಗಾಗಿ "ಮನೇಲಿಲ್ಲ" ಅಂತಿತ್ತು. ನಾವಿಬ್ರೂ ಅದನ್ನ ಬೈದ್ವಿ. ಅದಿನ್ನೂ ಅಭ್ಯಾಸದ ಫೋನು, ಅದ್ರ ಮಾತಿಗೆ ಸಂಬಳ ನಿಲ್ತಿರಲಿಲ್ಲ. ಸಂಬಳ ಹಾಳೆ ಮೇಲೆ ಬರ್ತಿತ್ತು. ಹಾಳೆಗೆ ನಾನು ಮೊದಲೇ ಸಹಿ ಹಾಕಿದ್ದೆ. ಅವಳು ಎಂದಿನಂಗೆ ಎಂಟರಿಂದ ಒಂದು ಅಂತ ತುಂಬಿ ಕಳ್ಸಿದ್ಲು.

ಏಪ್ರಿಲಲ್ಲಿ ಆರೈಕೆ ಕೆಲಸದೋರ ಯೂನಿಯನ್ನಿನ ಡೆನೀಸ್ ಬಂದ್ಲು. ಕೆಂಪು ಕೂದಲಿನ, ಬೆಂಕಿಪೊಟ್ಟಣದಂಥ ಹುಡುಗಿ. ಹೊಸ ಕಾನೂನನ್ನ ಒಂದು ವರ್ಷ ಮುಂದಕ್ಕೆ ಹಾಕಿ ಅಂತ ಬಾಸ್ಟನ್ನಲ್ಲಿ ಕಾನೂನು ಮಾಡೋ ದೊಡ್ಡೋರ ಮುಂದೆ ಕೇಳ್ಕೋಬೇಕು, ಆರೈಕೆ ತಗೊಳ್ಳೋ ಮುದುಕರು ಯಾರಾದ್ರೂ ಬಂದು ಮಾತಾಡಿದ್ರೆ ಚೆನ್ನ ಅಂದ್ಲು.

"ಎಷ್ಟು ಹೊತ್ತು ಮಾತಾಡ್ಬೇಕು?"

"ಮೂರು ನಿಮಿಷ ಡೋನಾ ಎಟೆಲ್ವೀನಾ."

"ಮೂರು ನಿಮಿಷದಲ್ಲಿ ನಾನು ಗಂಟಲೂ ಸರಿ ಮಾಡ್ಕೊಳ್ಳಲ್ಲ."

ಝುಲ್ಮೀರಾ ಬೇಡ ಅಂದ್ಲು. "ನೀವು ಹೋಗ್ಬೇಡಿ. ನನ್ನ ಹೆಸರು ಎಲ್ಲೂ ಹೇಳ್ಬೇಡಿ."

"ನಿನ್ನ ಉಳಿಸ್ಕೊಳ್ಳೋಕೆ ಹೋಗ್ತಿರೋದು ಕಣೇ! ನಿನ್ನ ಹೆಸರು ಹೇಳ್ದೆ ಪೋಪನ ಹೆಸರು ಹೇಳ್ಲಾ?"

ಹೋದೆ. ಸಿಹಿ ಬ್ರೆಡ್ಡಲ್ಲಿ ಖಾರದ ಸಾಸೇಜು ಇಟ್ಟು ಕಟ್ಕೊಂಡು ಬಸ್ಸು ಹತ್ತಿದೆ. ಅದಕ್ಕೆ ಮೊದಲು ಮನೆ ಮೆಟ್ಲಿಂದ ಇಬ್ಬರು ಗಂಡಸರು ನನ್ನನ್ನ ಕುರ್ಚಿ ಸಮೇತ ಕೆಳಗಿಳಿಸಿದ್ರು, ಮೆರವಣಿಗೇಲಿ ಮಾತೆ ಮರಿಯಮ್ಮನ್ನ ಹೊತ್ತಂಗೆ. ಬಾಸ್ಟನ್ನಲ್ಲಿ ದೊಡ್ಡ ಹಾಲು, ಅರ್ಧಚಂದ್ರದಂಥ ಮೇಜು, ಅದರ ಹಿಂದೆ ಎಂಟೊಂಬತ್ತು ಜನ ನೀರು ಕುಡೀತಾ ಕೂತಿದ್ರು. ನನ್ನ ಮುಂದೆ ಮೈಕು ಇಟ್ರು. ಜೀವಮಾನದಲ್ಲಿ ನನ್ನ ಮಾತನ್ನ ಎಂಟು ಜನ ಒಟ್ಟಿಗೆ ಕೂತು ಕೇಳಿದ್ದೇ ಇಲ್ಲ. ಮಿಲ್ಲಲ್ಲಿ ಯಂತ್ರದ ಸದ್ದು, ಮನೇಲಿ ಅರ್ಮಿಂಡುಗೆ ಕಿವುಡು. ನಂಗೆ ಮೈಮೇಲೆ ಬಂತು.

"ಸ್ವಾಮಿ," ಅಂದೆ, "ಈ ಝುಲ್ಮೀರಾ ಹನ್ನೊಂದು ವರ್ಷದಲ್ಲಿ ಒಂದಿನ ತಪ್ಪಿಸಿದೋಳಲ್ಲ. ಹಿಮ ಕತ್ತಿನ ಮಟ್ಟ ಬಿದ್ದಾಗ ಈಜ್ಕೊಂಡು ಬಂದಿದ್ದಾಳೆ. ಫೆಬ್ರವರೀಲಿ ನಾನು ನಾಲ್ಕು ದಿನ ಆಸ್ಪತ್ರೇಲಿ ಸಾಯ್ತಾ ಬಿದ್ದಿದ್ದೆ. ಪಾದ್ರಿ ಬಂದು ಸಾಯೋರಿಗೆ ಹಚ್ಚೋ ಎಣ್ಣೆ ಹಚ್ಚಿ ಹೋಗಿದ್ರು. ಆ ನಾಲ್ಕು ದಿನ ಹಗಲೂ ರಾತ್ರಿ ಅವಳು ನನ್ನ ಮಂಚ ಬಿಟ್ಟು ಒಂದು ಹೆಜ್ಜೆ ಆಚೆ ಇಡ್ಲಿಲ್ಲ, ಒಂದು ನಿಮಿಷ ಕಣ್ಣು ಮುಚ್ಚಲಿಲ್ಲ. ನಿಮ್ಮ ಫೋನು ಏನಂತು ಗೊತ್ತಾ? ಅವಳು ಕೆಲಸದಲ್ಲೇ ಇಲ್ಲ ಅಂತು! ಅಂಥ ಫೋನನ್ನ ನಂಬ್ತೀರಾ, ನನ್ನ ಕಣ್ಣನ್ನ ನಂಬ್ತೀರಾ?"

ಪಾದ್ರಿ ಬಂದಿದ್ದು ಪಕ್ಕದ ಮಂಚದೋಳಿಗೆ. ಎಣ್ಣೆ ಅವಳಿಗೇ ಹಚ್ಚಿದ್ದು. ಇರ್ಲಿ ಬಿಡಿ, ಮಾತು ಅಂದ್ಮೇಲೆ ಸ್ವಲ್ಪ ಒಗ್ಗರಣೆ ಬೇಡ್ವಾ? ಇಡೀ ಹಾಲೇ ಚಪ್ಪಾಳೆ ತಟ್ತು. ಮೇಜಿನ ಹಿಂದಿದ್ದ ಒಬ್ಬಮ್ಮ ಕಣ್ಣೊರೆಸ್ಕೊಂಡ್ಲು. ಅವಳ ಪಕ್ಕದೋನು ಏನೋ ಬರ್ಕೊಂಡ.

ಮೇ ಕೊನೇಲಿ ಡೆನೀಸ್ ಫೋನಲ್ಲಿ ಕಿರುಚಿದ್ಲು, ಕಾನೂನು ಒಂದು ವರ್ಷ ಮುಂದಕ್ಕೆ ಹೋಯ್ತು ಅಂತ. ನಾನು ಝುಲ್ಮೀರಾ ಕೈಯಲ್ಲಿ ಅನ್ನದ ಪಾಯಸ ಮಾಡ್ಸಿದೆ. ಮೇಲೆ ದಾಲ್ಚಿನ್ನಿ ಪುಡೀಲಿ ಹೂವು ಬರೆಸ್ದೆ. ಅವಳು ಅಡಿಗೆಮನೆ ಕುರ್ಚೀಲಿ ಕೂತು ಎರಡು ಬಟ್ಲು ತಿಂದ್ಲು. ನಕ್ಕಳು ಸಹ. ಅವಳಿಗೆ ಮೇಲಿನ ಸಾಲಲ್ಲಿ ಒಂದು ಹಲ್ಲಿಲ್ಲ ಅನ್ನೋದು ನಂಗೆ ಅವತ್ತೇ ಗೊತ್ತಾಗಿದ್ದು.

"ನೋಡ್ದಾ? ಮುದುಕಿ ಬಾಯಿ ಇಡೀ ಸರ್ಕಾರಾನ ನಿಲ್ಲಿಸ್ತು."

"ನಿಲ್ಲಿಸ್ತು ಡೋನಾ," ಅಂದ್ಲು.

ಕಾನೂನು ಮುಂದಕ್ಕೆ ಹೋಯ್ತು, ಹಾಳೆ ಉಳೀತು. ಫೋನು ಬರೋವರೆಗೆ ಹಾಳೆಗಳನ್ನಾದ್ರೂ ಒಂದೊಂದಾಗಿ ನೋಡಿ ಅಂತ ಮೇಲಿಂದ ಅಪ್ಪಣೆ ಆಯ್ತಂತೆ. ಆಗಸ್ಟಲ್ಲಿ ತನಿಖೆಯೋನು ಬಂದ, ಹ್ಯಾಲೊರನ್ ಅಂತ. ನನ್ನ ಮೆಟ್ಲು ಹತ್ತಿ ಏದುಸಿರು ಬಿಡ್ತಾ ನಿಂತ. ನೀರು ಕೊಟ್ಟೆ. ಒಳ್ಳೇ ಮನುಷ್ಯ, ಆ ಮಾತು ಹೇಳ್ಬೇಕು. ಒಳ್ಳೆಯೋನಲ್ಲದಿದ್ರೆ ಬೈದಾದ್ರೂ ಸಮಾಧಾನ ಮಾಡ್ಕೋಬಹುದಿತ್ತು.

ಮೇಜಿನ ಮೇಲೆ ಹಾಳೆ ಇಟ್ಟ. "ಇದು ನಿಮ್ಮ ಸಹೀನಾ ಅಮ್ಮಾ?"

"ನಂದೇ. ಕೋಳಿ ಕೆರೆದಂಗಿಲ್ವಾ? ನಂದೇ."

"ಈ ನಾಲ್ಕು ದಿನ ನೀವು ಆಸ್ಪತ್ರೇಲಿ ಇದ್ರಿ."

"ಮೊದಲೇ ಹಾಕಿಟ್ಟಿದ್ದೆ."

"ಮೊದಲೇ? ಎಷ್ಟು ಹಾಳೆಗೆ?"

ನಂಗೆ ಗಾಬರಿ ಆಯ್ತು. ಗಾಬರಿ ಆದ್ರೆ ನನ್ನ ಬಾಯಿ ನನ್ನ ಮಾತು ಕೇಳಲ್ಲ. "ಅಯ್ಯೋ, ಸಾವಿರ ಹಾಕಿದೀನಿ!" ಅಂದ್ಬಿಟ್ಟೆ. ಅವನು ಬರ್ಕೊಂಡ. "ಇಲ್ಲಪ್ಪ, ಹತ್ತು, ಹತ್ತೇ," ಅಂದೆ. ಅದನ್ನೂ ಬರ್ಕೊಂಡ. ಸಾವಿರಾನ ಹೊಡೆದು ಹಾಕ್ಲಿಲ್ಲ.

ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳ್ದ. ಆರೈಕೆ ತಗೊಳ್ಳೋರು ಆಸ್ಪತ್ರೇಲಿ ಇದ್ದಾಗ ಮನೆ ಆರೈಕೆಗೆ ಸಂಬಳ ಇಲ್ಲ, ಆಸ್ಪತ್ರೆ ನೋಡ್ಕೊಳ್ಳುತ್ತೆ, ಅದಕ್ಕೆ ಬೇರೆ ದುಡ್ಡು. ಹೊಸ ಫೋನು ಆಗಲೇ ಜಾರಿಗೆ ಬಂದಿದ್ದಿದ್ರೆ ಆ ನಾಲ್ಕು ದಿನಾನ ಅದೇ ಹಿಡಿದು ನಿಲ್ಲಿಸ್ತಿತ್ತು, ನಾಲ್ಕು ದಿನದ ಸಂಬಳ ಹೋಗ್ತಿತ್ತು, ವಿಷ್ಯ ಅಲ್ಲಿಗೇ ಮುಗೀತಿತ್ತು. ಈಗ್ಲೂ ಬರೀ ಅಷ್ಟೇ ಆಗಿದ್ರೆ ದುಡ್ಡು ವಾಪಸ್ ಕಟ್ಟಿಸ್ಕೊಂಡು ಒಂದು ಎಚ್ಚರಿಕೆ ಕಾಗದ ಕೊಟ್ಟು ಬಿಡಬಹುದಿತ್ತು.

"ಬರೀ ಅಷ್ಟೇ ಆಗಿರೋದು!"

ಅವನು ಇನ್ನೊಂದು ಹಾಳೆ ತೆಗೆದ. ಫುರ್ಟಾಡೂದು. ಅದೇ ನಾಲ್ಕು ದಿನ, ಸಂಜೆ ನಾಲ್ಕರಿಂದ ಏಳು.

"ನೀವು ಬಾಸ್ಟನ್ನಲ್ಲಿ ಹೇಳಿದ್ರಿ, ಅವರು ಹಗಲೂ ರಾತ್ರಿ ನಿಮ್ಮ ಮಂಚ ಬಿಟ್ಟು ಹೋಗ್ಲಿಲ್ಲ ಅಂತ. ಅದು ರೆಕಾರ್ಡಾಗಿದೆ. ಹಾಗಾದ್ರೆ ಸಂಜೆ ಆ ಮನೇಲಿ ಕೆಲಸ ಮಾಡಿದ್ದು ಯಾರು?"

ನಾನು ಎರಡೂ ಹಾಳೇನ ನನ್ನ ಕಡೆ ಎಳ್ಕೊಂಡೆ.

"ಹಗಲೂ ರಾತ್ರಿ ಅಂದ್ರೆ... ಅದು ಹಂಗೆ ಹೇಳೋದು ಸ್ವಾಮಿ. ಅವಳು ಮಧ್ಯಾಹ್ನ ಹೋಗ್ತಿದ್ಲು. ಎರಡು ಗಂಟೆಗೋ ಎರಡೂವರೆಗೋ. ಫುರ್ಟಾಡು ಮನೆಗೆ ಹೋಗ್ಲೇಬೇಕಲ್ಲ, ಅವನಿಗೆ ಸಂಜೆ ಊಟ ಯಾರು ಕೊಡ್ತಾರೆ?"

"ಹಾಗಾದ್ರೆ ಬಾಸ್ಟನ್ನಲ್ಲಿ ನೀವು ಹೇಳಿದ್ದು ನಿಜ ಅಲ್ಲ?"

"ನಿಜಾನೇ! ಆದ್ರೆ ಸ್ವಲ್ಪ ಉದ್ದ ಮಾಡಿದ್ದೆ."

"ಯಾವುದು ನಿಜ, ಯಾವುದು ಉದ್ದ ಅಂತ ನಾನು ಹೇಗೆ ತಿಳ್ಕೊಳ್ಳಲಿ ಅಮ್ಮಾ?"

ಅವನು ಕುಹಕಕ್ಕೆ ಕೇಳ್ಲಿಲ್ಲ. ನಿಜವಾಗ್ಲೂ ಕೇಳ್ದ. ಎಂಬತ್ತೊಂದು ವರ್ಷದಲ್ಲಿ ನನ್ನ ಬಾಯಿ ಖಾಲಿ ಆಗಿದ್ದು ಅದೇ ಮೊದಲು.

"ಫುರ್ಟಾಡುನ ಕೇಳಿ," ಅಂದೆ.

"ಕೇಳ್ದೆ. ಯಾವ ಝುಲ್ಮೀರಾ ಅಂದ್ರು. ಊಟ ಹೆಂಡತಿ ಕೊಡ್ತಾಳೆ ಅಂದ್ರು."

ಫುರ್ಟಾಡು ಹೆಂಡತಿ ಸತ್ತು ಹದಿನಾಲ್ಕು ವರ್ಷ. ನಾನೇ ಹೂವು ಕಳ್ಸಿದ್ದೆ.

"ಸಹಿ ಇದ್ಯಲ್ಲ ಹಾಳೆ ಮೇಲೆ!"

"ನಿಮ್ಮ ಹಾಳೆ ಮೇಲೂ ಇದೆ," ಅಂದ.

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಾನು ಆಡಿದ ಮಾತು ಎಲ್ಲೂ ಹೋಗಿರ್ಲಿಲ್ಲ. ಬಾಸ್ಟನ್ನಲ್ಲಿ ಡಬ್ಬೀಲಿ ತುಂಬಿಟ್ಟಿದ್ರು. ಅವಳು ನನ್ನ ಮಂಚದ ಹತ್ರಾನೇ ಇದ್ಲು ಅಂದ್ರೆ ಫುರ್ಟಾಡು ಹಾಳೆ ಸುಳ್ಳು. ಇರ್ಲಿಲ್ಲ ಅಂದ್ರೆ ನಾನು ಸುಳ್ಳುಗಾತಿ, ಸುಳ್ಳುಗಾತಿ ಸಾಕ್ಷಿ ಯಾರಿಗೆ ಬೇಕು? ಯಾವ ಕಡೆ ಹೊರಳಿದ್ರೂ ಅವಳೇ ನನ್ನ ಕೆಳಗೆ ಸಿಕ್ಕಿ ಅಪ್ಪಚ್ಚಿ ಆಗ್ತಿದ್ಲು. "ನನ್ನ ಹಿಡ್ಕೊಂಡು ಹೋಗಿ, ಸಹಿ ಹಾಕಿದ್ದು ನಾನು," ಅಂದೆ. ಹ್ಯಾಲೊರನ್ ನನ್ನ ಭುಜ ಮುಟ್ಟಿ, "ನಿಮ್ಮ ಮೇಲೆ ಯಾವ ದೂರೂ ಇಲ್ಲ, ಮೋಸ ಆಗಿರೋದು ನಿಮಗೆ," ಅಂದ. ಆಮೇಲೆ ಬಂದ ಕಾಗದದಲ್ಲೂ ಹಂಗೇ ಇತ್ತಂತೆ, ಡೆನೀಸ್ ಓದಿ ಹೇಳಿದ್ಲು. ಡೋನಾ ಎಟೆಲ್ವೀನಾ ಮೋಸ ಹೋದ ವೃದ್ಧೆ. ಮೋಸ ಮಾಡಿದೋಳು ಝುಲ್ಮೀರಾ.

ಹ್ಯಾಲೊರನ್ ಬಂದ ಮಾರನೇ ದಿನ ಝುಲ್ಮೀರಾ ಬಂದಾಗ ಎಲ್ಲ ಹೇಳ್ದೆ. ತನಿಖೆ ನಡೀತಿದೆ ಅಂತ ಅವಳಿಗೂ ಕಾಗದ ಬಂದಿತ್ತು. ಕೋಟು ಬಿಚ್ಚದೇ ಕೂತ್ಲು.

"ಆಸ್ಪತ್ರೆ ದಿನಕ್ಕೆ ಸಂಬಳ ಇಲ್ಲ ಅನ್ನೋದು ನಿಂಗೆ ಗೊತ್ತಿತ್ತಾ?"

"ಯಾರೋ ಹೇಳಿದ್ರು, ಬಹಳ ವರ್ಷದ ಹಿಂದೆ. ಹಾಳೆ ತುಂಬುವಾಗ ನೆನಪಾಯ್ತು. ಆದ್ರೆ ನಾಲ್ಕು ದಿನಾನೂ ನಿಮ್ಮ ಬಟ್ಟೆ ಬದಲಾಯಿಸಿದೀನಿ ಡೋನಾ. ಅದು ಕೆಲಸ ಅಲ್ಲ ಅಂತ ಬರೆಯೋಕೆ ಕೈ ಬರ್ಲಿಲ್ಲ."

"ನನ್ನ ಬಾಯಿಗೆ ಬೆಂಕಿ ಹಾಕ. ನಿನ್ನ ಹೊಗಳೋಕೆ ಹೋಗಿ..."

"ನೀವು ಯಾವಾಗ್ಲೂ ಹಂಗೇ ಮಾತಾಡೋದು," ಅಂದ್ಲು. "ನಂಗೆ ಇಷ್ಟ ಇತ್ತು."

ಇತ್ತು ಅಂದ್ಲು. ನಂಗೆ ಓದು ಬರಲ್ಲ ನಿಜ, ಆದ್ರೆ ಅಷ್ಟು ಅರ್ಥ ಆಗುತ್ತೆ.

ಸೆಪ್ಟೆಂಬರಲ್ಲಿ ತೀರ್ಪು ಬಂತು. ಜೈಲಿಲ್ಲ. ಎರಡೂ ಮನೆ ದುಡ್ಡು ವಾಪಸ್ ಕಟ್ಬೇಕು, ಐದು ವರ್ಷ ಸರ್ಕಾರಿ ದುಡ್ಡಿನ ಯಾವ ಆರೈಕೆ ಕೆಲಸಾನೂ ಮಾಡೋ ಹಾಗಿಲ್ಲ. ಡೆನೀಸ್ ಮೇಲ್ಮನವಿ ಅಂತ ಓಡಾಡಿದ್ಲು. ರೆಕಾರ್ಡು ಇದ್ಯಲ್ಲ, ವಕೀಲ ಅದನ್ನ ಕೇಳಿ ಫೈಲು ಮುಚ್ಚಿದ. ಝುಲ್ಮೀರಾ ಮೀನಿನ ಫ್ಯಾಕ್ಟರಿ ಸೇರಿದ್ಲು. ನಾನು ಬಾಸ್ಟನ್ನಿಗೆ ಹೋಗದೇ ಇದ್ದಿದ್ರೂ ಅಲ್ಲಿಗೇ ಹೋಗ್ತಿದ್ಲು. ಆದ್ರೆ ತಾನೇ ಬಿಟ್ಟು ಹೋಗ್ತಿದ್ಲು, ತಲೆ ಎತ್ಕೊಂಡು.

ನಂಗೆ ಬೇರೆ ಕೆಲಸದೋರ ಪಟ್ಟಿ ಕೊಟ್ರು. ಒಬ್ಬಳು ಎರಡನೇ ಮಹಡಿವರೆಗೆ ಬಂದು ಅಲ್ಲಿಂದ್ಲೇ ಫೋನು ಮಾಡಿ ಆಗಲ್ಲ ಅಂದ್ಲು. ಇನ್ನೊಬ್ಬಳು ಒಂದು ವಾರ ಬಂದ್ಲು. ಸ್ನಾನ ಮಾಡ್ಸೋದು ಅಂದ್ರೆ ಕಾರು ತೊಳೆದಂಗೆ ಅಂದ್ಕೊಂಡಿದ್ಲು. ಆಮೇಲೆ ಯಾರೂ ಇಲ್ಲ. ಸಿಂಕಿನ ಹತ್ರ ನಿಂತು ಒದ್ದೆ ಬಟ್ಟೇಲಿ ಕೈಗೆಟುಕಿದಷ್ಟು ಒರೆಸ್ಕೊಂಡೆ. ಅಕ್ಟೋಬರಲ್ಲಿ ಒಂದಿನ ಜಾರಿ ಬಿದ್ದೆ. ನೆಲದ ಮೇಲೆ ಮೂರು ಗಂಟೆ ಇದ್ದೆ. ಮೂರೇ ಗಂಟೆ, ಉದ್ದ ಮಾಡ್ತಿಲ್ಲ. ಮುದುಕರ ಹೋಮಿನೋರು ಸೋಮವಾರ ವ್ಯಾನು ಕಳಿಸ್ತೀವಿ ಅಂದ್ರು.

ಭಾನುವಾರ ಝುಲ್ಮೀರಾ ಬಂದ್ಲು. ಯಾರು ಹೇಳಿದ್ರೋ ಗೊತ್ತಿಲ್ಲ. ಮಾತಾಡ್ದೆ ನೀರು ಬಿಸಿ ಮಾಡಿದ್ಲು, ನನ್ನ ಬಟ್ಟೆ ಬಿಚ್ಚಿದ್ಲು. ಬೆರಳಿಗೆಲ್ಲ ಪಟ್ಟಿ ಕಟ್ಟಿತ್ತು. ಮೀನಿನ ಚೂರಿ. ನೀರು ತಾಗಬಾರದು ಅಂತ ಫ್ಯಾಕ್ಟರಿಯ ನೀಲಿ ರಬ್ಬರ್ ಕೈಗವಸು ಹಾಕ್ಕೊಂಡ್ಲು. ಬೆನ್ನು ಉಜ್ಜಿದ್ಲು. ಆ ರಬ್ಬರಿನ ಒಳಗೆ ಇರೋದು ಯಾರ ಕೈ ಅಂತ ನನ್ನ ಬೆನ್ನಿಗೆ ಗೊತ್ತಾಗ್ಲಿಲ್ಲ.

"ಬಂಗಡೆ ತೊಳೆದಂಗೆ ತೊಳೀತಿದೀಯಲ್ಲೇ ಹುಡುಗಿ," ಅಂದೆ.

ನಗ್ಲಿಲ್ಲ. "ಕತ್ತು ಬಗ್ಗಿಸಿ," ಅಂದ್ಲು.

ಟವೆಲಲ್ಲಿ ಒರೆಸಿ, ಕಪ್ಪು ಲಂಗ ಹಾಕಿ, ಕೂದಲು ಬಾಚಿ ಜಡೆ ಹಾಕಿದ್ಲು. ಎರಡು ಗಂಟೆಗೆ ಪಾಳಿ ಅಂತ ಕೋಟು ಹಾಕ್ಕೊಂಡ್ಲು. ಹೋಮಿಗೆ ಬಂದು ನೋಡ್ತೀಯಾ ಅಂತ ಕೇಳೋಕೆ ಬಾಯಿ ತೆಗೆದೆ, ಕೇಳ್ಲಿಲ್ಲ. ಭಾನುವಾರಾನೂ ಇನ್ಮೇಲೆ ಪಾಳಿ ಇದೆ ಅಂತ ಅವಳೇ ಹೇಳಿದ್ಲು.

ಇಲ್ಲಿ ಹೋಮಲ್ಲಿ ಸ್ನಾನ ಮಂಗಳವಾರ, ಶುಕ್ರವಾರ. ಚಕ್ರದ ಕುರ್ಚೀಲಿ ಕೂರಿಸಿ ಒಬ್ಬರಾದ ಮೇಲೆ ಒಬ್ಬರನ್ನ ತಳ್ಕೊಂಡು ಹೋಗ್ತಾರೆ. ಹೆಸರು ಕೇಳಲ್ಲ, ಮಂಚದ ನಂಬರು ಕೇಳ್ತಾರೆ. ನಂದು ಹದಿನೇಳು, ಬಾಗಿಲ ಪಕ್ಕ.